ಪದ ವಿಚಾರ: ಕುಲುಮೆ ಯಾವುದು, ಅಂಗಡಿಯೋ ಬೆಂಕಿಯೋ?

ಪ್ರಶ್ನೆ: ಕನಕಪುರ ರಸ್ತೆಯ ಬದಿಯಲ್ಲಿ ಕಮ್ಮಾರರೊಬ್ಬರು ಬಯಲಿನಲ್ಲೇ ಗುಳಿ ತೋಡಿ, ಇದ್ದಿಲು ತುಂಬಿ, ಕುಡುಗೋಲು ಕಾಯಿಸುತ್ತಿದ್ದರು. ನಮ್ಮಮ್ಮ ಆ ಗುಳಿಯನ್ನೇ ‘ಕುಲುಮೆ’ ಎಂದರು. ಕುಲುಮೆಯೆಂದರೆ ಕಮ್ಮಾರನ ಅಂಗಡಿಯಲ್ಲವೇ? ಈ ಪದ ‘ಕುಲ’ದಿಂದ ಬಂದುದೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ತಾಯಿಯವರ ಮಾತು ಸರಿ. ಕುಲುಮೆಯ ಮೂಲಾರ್ಥ ಬೆಂಕಿಯ ಗುಳಿ; ಗೋಡೆ, ಮಾಡು ಯಾವುದೂ ಇಲ್ಲದಿದ್ದರೂ ಕೆಂಡವಿದ್ದು ತಿದಿಯ ಗಾಳಿ ತಾಗುತ್ತಿದ್ದರೆ ಅದು ಕುಲುಮೆಯೇ. ‘ಕುಲುಮೆ ಹೊತ್ತಿಸು’ ಎನ್ನುವಾಗ ಈ ಹಳೆಯ ಅರ್ಥ ಉಳಿದಿದೆ. ‘ಗುದ್ದಲಿಯನ್ನು ಕುಲುಮೆಗೆ ಕೊಟ್ಟು ಬಾ’ ಎನ್ನುವಾಗ ಬೆಂಕಿಯ ಹೆಸರು ಅದರ ಸುತ್ತಲಿನ ಅಡಿಗಲ್ಲು, ಸುತ್ತಿಗೆ, ಇಕ್ಕುಳಗಳನ್ನೂ ಸೇರಿಸಿಕೊಂಡು ಇಡೀ ಕೆಲಸದ ಜಾಗಕ್ಕೆ ಹಬ್ಬಿದೆ. ಆದ್ದರಿಂದ ನಿಮ್ಮ ತಿಳಿವಳಿಕೆಯೂ ತಪ್ಪಲ್ಲ.

‘ಕುಲ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿಯೇ ಕೊಲಿಮೆ, ಕುಲಿಮೆ ಎಂಬ ರೂಪಗಳಿವೆ; ತೆಲುಗಿನಲ್ಲಿ ಇದು ಕೊಲಿಮಿ. ತಮಿಳಿನಲ್ಲಿ ‘ಕೊಲ್’ ಎಂದರೆ ಕಬ್ಬಿಣದ ಕೆಲಸ. ತಮಿಳು, ಮಲಯಾಳಗಳೆರಡರಲ್ಲೂ ಕಮ್ಮಾರ ‘ಕೊಲ್ಲನ್’. ಮುಂದಿನ ಅಕ್ಷರದಲ್ಲಿ ಇಕಾರ ಅಥವಾ ಉಕಾರವಿದ್ದಾಗ ಹಿಂದಿನ ಒಕಾರ ಉಕಾರವಾಗುವುದು ಕನ್ನಡದ ಜಾಯಮಾನ. ತಮಿಳಿನ ‘ಪೊಡಿ’ಗೆ ನಮ್ಮದು ‘ಪುಡಿ’ ಎಂಬುದನ್ನು ನೆನೆದರೆ ಕೊಲಿಮೆ ಕುಲಿಮೆಯಾದ ದಾರಿ ಸ್ಪಷ್ಟವಾಗುತ್ತದೆ.

‘ಕಮ್ಮಾರ’ನ ಹೆಸರು ಮಾತ್ರ ಬೇರೆ ಕಡೆಯಿಂದ ಬಂದದ್ದು. ಅದು ಸಂಸ್ಕೃತದ ‘ಕರ್ಮಾರ’ದ ತದ್ಭವ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಬ್ರಹ್ಮಣಸ್ಪತಿಯು ಕರ್ಮಾರನಂತೆ ಊದಿದನೆಂಬ ಮಾತಿದೆ. ಅಲ್ಲಿಯೂ ಕಣ್ಣಿಗೆ ಬೀಳುವುದು ಸುತ್ತಿಗೆಯಲ್ಲ, ಊದುವ ಉಸಿರು. ಕಟ್ಟಡವನ್ನೇ ಹೇಳಬೇಕಿದ್ದರೆ ‘ಕಮ್ಮಾರಸಾಲೆ’ ಎಂಬ ಪದವಿದೆ. ಅದರ ‘ಸಾಲೆ’ ಸಂಸ್ಕೃತದ ‘ಶಾಲಾ’.

ಈ ಕುಟುಂಬದಲ್ಲಿ ನನಗೆ ಬಹಳ ಪ್ರಿಯವಾದ ಪದ ನೀಲಗಿರಿಯ ಕೋತರದು. ಬೆಟ್ಟದ ನೆರೆಹೊರೆಯವರಿಗೆಲ್ಲ ಕಬ್ಬಿಣದ ಸಾಮಾನು ಮಾಡಿಕೊಡುತ್ತಿದ್ದ ಈ ಜನರ ಭಾಷೆಯಲ್ಲಿ ‘ಕೊಲೇಲ್’ ಎಂದರೆ ಕುಲುಮೆಯ ಮನೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟಿನ 1984ರ ಆವೃತ್ತಿಯಲ್ಲಿ ನಮ್ಮ ಕುಲುಮೆಯ ಜೊತೆಗೇ ಅದೂ ಇದೆ, ಅಲ್ಲಿ ಅದಕ್ಕೆ ಎರಡನೆಯ ಅರ್ಥವನ್ನೂ ಕೊಟ್ಟಿದ್ದಾರೆ: ಕೋತರ ಊರಿನ ಗುಡಿ.