ಮೂವತ್ತನೇ ವಯಸ್ಸಿನ ನನ್ನನ್ನು ಹೇಗೆ ಬಿಡಿಸಲಿ?

ಪ್ರಶ್ನೆ: ನನಗೆ 20 ವರ್ಷ. ಡೊಂಬಿವಿಲಿಯಲ್ಲಿ ಅಪ್ಪ, ಅಮ್ಮ, ಅಜ್ಜಿಯ ಜೊತೆ ಇದ್ದೇನೆ. ಬಿ.ಕಾಂ. ಓದುತ್ತಿದ್ದೇನೆ. ಹುಟ್ಟಿದಾಗ ಗಂಡು ಎಂದು ಬರೆಸಿದ್ದಾರೆ. ನಾನು ಹೆಣ್ಣು ಎಂಬುದು ನನಗೆ ಹೈಸ್ಕೂಲಿನಿಂದಲೇ ಗೊತ್ತು. ಇಬ್ಬರು ಗೆಳತಿಯರನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಮುಂಬಯಿಯ ಗುಂಪೊಂದು ಕ್ವಿಯರ್ ಮತ್ತು ಟ್ರಾನ್ಸ್ ಯುವಜನರಿಂದ ಕಲಾಕೃತಿಗಳನ್ನು ಕೇಳಿದೆ. ಹತ್ತು ವರ್ಷದ ನಂತರದ ನಿಮ್ಮನ್ನು ಕಲ್ಪಿಸಿಕೊಳ್ಳಿ ಎಂಬುದೇ ವಿಷಯ. ಚಿತ್ರ, ಹೊಲಿಗೆ, ಕೊಲಾಜ್ ಏನಾದರೂ ಆಗಬಹುದು, ಆಮೇಲೆ ಪ್ರದರ್ಶನ ಇರುತ್ತದೆ. ಗೆಳತಿ ಒತ್ತಾಯಿಸುತ್ತಿದ್ದಾಳೆ. ಹಾಳೆ ಹಿಡಿದು ಕುಳಿತರೆ ಕಣ್ಣ ಮುಂದೆ ಬರುವುದು ಅಮ್ಮ ಕನಸು ಕಾಣುವ ನನ್ನ ಮದುವೆ; ಅದರಲ್ಲಿ ನಾನು ವರ. ಅದನ್ನು ಅಳಿಸಿದರೆ ಏನೂ ಉಳಿಯುವುದಿಲ್ಲ. ಅಪ್ಪ ಹವ್ಯಾಸಿ ಯಕ್ಷಗಾನ ಕಲಾವಿದರು, ಸ್ತ್ರೀವೇಷಕ್ಕೆ ಹೆಸರಾದವರು. ಅವರು ದ್ರೌಪದಿಯಾಗಿ ರಂಗಕ್ಕೆ ಬಂದರೆ ಚಪ್ಪಾಳೆ. ನನ್ನ ಕೂದಲು ಭುಜ ಮುಟ್ಟಿದರೆ ಮನೆಯಲ್ಲಿ ದಿನಗಟ್ಟಲೆ ಮಾತಿಲ್ಲ. ಅಪ್ಪನ ವೇಷವನ್ನೇ ಬಿಡಿಸಿ ಕಳಿಸಿಬಿಡೋಣ ಎನ್ನಿಸುತ್ತದೆ. ಆದರೆ ಕನ್ನಡ ಸಂಘದವರು ಯಾರಾದರೂ ನೋಡಿದರೆ? ಭಾಗವಹಿಸಲೇ, ಬಿಡಲೇ? ಚಿತ್ರ ಬಿಡಿಸಿದರೆ ಭವಿಷ್ಯ ಬದಲಾಗುತ್ತದೆಯೇ?

ಹೆಸರು ಬೇಡ, ಡೊಂಬಿವಿಲಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ಬದಲಾಗುವುದಿಲ್ಲ. ಚಿತ್ರ ಬಿಡಿಸಿದ ಮಾತ್ರಕ್ಕೆ ಯಾರಿಗೂ ಥಾಣೆಯಲ್ಲಿ ಬಾಡಿಗೆ ಮನೆ ಸಿಕ್ಕಿಲ್ಲ, ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದುಪಡಿಯಾಗಿಲ್ಲ. ಆದರೂ ಬಿಡಿಸಿ ಎಂದೇ ಹೇಳುತ್ತೇನೆ. ಕಾರಣ ನಿಮ್ಮ ಪತ್ರದಲ್ಲಿಯೇ ಇದೆ: ಮದುವೆಯನ್ನು ಅಳಿಸಿದರೆ ಏನೂ ಉಳಿಯುವುದಿಲ್ಲ ಎಂದಿದ್ದೀರಿ. ನಿಮ್ಮ ತರಗತಿಯ ಉಳಿದವರಿಗೆ ಮುಂದಿನ ಹತ್ತು ವರ್ಷಗಳನ್ನು ಬೇರೆ ಯಾರೋ ಸಿದ್ಧಪಡಿಸಿ ಇಟ್ಟಿದ್ದಾರೆ. ಚಿಕ್ಕಪ್ಪನ ಮಗನ ಗೃಹಪ್ರವೇಶ, ಸಾಲ ಕೊಡುವ ಬ್ಯಾಂಕಿನ ಜಾಹೀರಾತು, ಜಾತಕ ಹಿಡಿದು ಬರುವ ನೆಂಟರು, ಎಲ್ಲರೂ ಸೇರಿ ಅದನ್ನು ದಿನವೂ ತೋರಿಸುತ್ತಾರೆ. ಅವರಿಗೆ ಅದು ಹಿಡಿಸದೇ ಇರಬಹುದು, ಕಣ್ಣಿಗಂತೂ ಕಾಣುತ್ತದೆ. ನಲವತ್ತು ದಾಟಿದ ಟ್ರಾನ್ಸ್ ಹೆಂಗಸೊಬ್ಬಳು ಕಚೇರಿಯಿಂದ ಬಂದು ಮೆಂತ್ಯ ಸೊಪ್ಪಿಗೆ ಚೌಕಾಸಿ ಮಾಡುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ನೋಡದೇ ಇರುವುದು ಹಾಳೆಗೆ ತಾನಾಗಿ ಇಳಿಯುವುದಿಲ್ಲ. ಕುಳಿತು ಕಟ್ಟಬೇಕು. ಅದಕ್ಕೊಂದು ನೆಪ ಮತ್ತು ಒಂದು ಕೊನೆಯ ದಿನಾಂಕ ಸಿಕ್ಕಿದೆ, ಬಳಸಿಕೊಳ್ಳಿ.

ಮುಂದೆ ಹೋಗುವ ಮೊದಲು ಒಂದು ಮಾತು. ‘ಏನೂ ಉಳಿಯುವುದಿಲ್ಲ’ ಎಂಬುದು ಹಾಳೆಯ ವಿಷಯ ಎಂದು ಓದಿಕೊಂಡಿದ್ದೇನೆ. ಬದುಕಿನ ವಿಷಯವೇ ಆಗಿದ್ದರೆ, ಮೂವತ್ತರವರೆಗೆ ನಾನು ಇರುತ್ತೇನೆಯೇ ಎಂಬ ಅನುಮಾನ ರಾತ್ರಿ ಕಾಡುತ್ತಿದ್ದರೆ, ಚಿತ್ರವನ್ನು ಪಕ್ಕಕ್ಕಿಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಆ ಇಬ್ಬರು ಗೆಳತಿಯರಿಗೂ ತಿಳಿಸಿ.

ಈಗ ಹಾಳೆ. ಇಂಥ ಆಹ್ವಾನಕ್ಕೆ ಬರುವ ಕೃತಿಗಳಲ್ಲಿ ಅರ್ಧ ಚಿಟ್ಟೆಗಳು, ಉಳಿದರ್ಧ ಕಾಮನಬಿಲ್ಲುಗಳು. ಚಿಟ್ಟೆಯ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅದಕ್ಕೆ ಬಾಡಿಗೆ ಕಟ್ಟುವ ಚಿಂತೆ ಇಲ್ಲ. ಪ್ರಶಸ್ತಿ ಪಡೆದವರ ಭವಿಷ್ಯವನ್ನೂ ಎರವಲು ತರಬೇಡಿ. ಟ್ರಾನ್ಸ್ ಕಲಾವಿದೆ ಜೋಗತಿ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ಅವರ ದೃಶ್ಯವನ್ನು ನಿಮ್ಮ ಅಜ್ಜಿಯೂ ಟಿವಿಯಲ್ಲಿ ನೋಡಿರಬಹುದು. ಹೆಮ್ಮೆಯ ಸಂಗತಿಯೇ. ಆದರೆ ಮನೆಯಲ್ಲಿ ತಟ್ಟೆ ಹಾಕಿಸಿಕೊಳ್ಳುವುದಕ್ಕೆ ಪದ್ಮಶ್ರೀ ಬೇಕು ಎನ್ನುವಂತಾಗಬಾರದು.

ಹತ್ತು ವರ್ಷದ ನಂತರದ ಒಂದು ಮಂಗಳವಾರವನ್ನು ಬಿಡಿಸಿ. ಹಬ್ಬವಿಲ್ಲ, ರಜೆಯಿಲ್ಲ, ಕೆಲಸದ ದಿನ. ಬೆಳಿಗ್ಗೆ ಡೊಂಬಿವಿಲಿ ಸ್ಟೇಷನ್, ಸಿಎಸ್‌ಎಂಟಿಗೆ ಹೋಗುವ ಫಾಸ್ಟ್ ಲೋಕಲ್. ಯಾವ ಡಬ್ಬಿಯ ಮುಂದೆ ನಿಂತಿದ್ದೀರಿ? ಈ ಊರು ದಿನಕ್ಕೆರಡು ಬಾರಿ ಲಕ್ಷಾಂತರ ಜನರನ್ನು ಕೇಳುವ ಪ್ರಶ್ನೆ ಅದು, ಬಹಳ ಮಂದಿ ಯೋಚಿಸದೆ ಉತ್ತರಿಸುತ್ತಾರೆ. ನೀವು ಯೋಚಿಸಿಯೇ ಹೆಜ್ಜೆ ಇಡುತ್ತೀರಿ. ಮಹಿಳೆಯರ ಡಬ್ಬಿ ಎಂದಾದರೆ ಒಳಗೆ ನಡೆಯುವುದೇನು? ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟು ಎಂಬುದೊಂದು ಉಂಟಲ್ಲ, ಅರ್ಧ ಸೊಂಟ ಊರಿ ಕುಳಿತುಕೊಳ್ಳುವ ಜಾಗ. ನಿಮಗಾಗಿ ಸ್ವಲ್ಪ ಸರಿದು ಕೊಡುವ ಹೆಂಗಸು ಯಾರು? ಅವಳ ಮುಖದಲ್ಲಿ ಕರುಣೆಯೇ, ಬೇಸರವೇ, ಅಥವಾ ಎಲ್ಲರಿಗೂ ತೋರಿಸುವ ಆ ಮಾಮೂಲಿ ಸಿಡುಕೇ? ಸಿಡುಕನ್ನು ಬಿಡಿಸಿದರೆ ಅದಕ್ಕಿಂತ ದೊಡ್ಡ ಸಮಾನತೆ ಬೇರೆ ಬೇಡ. ನಿಮ್ಮ ಕೈಚೀಲದಲ್ಲಿ ಏನಿದೆ? ಊಟದ ಡಬ್ಬಿ ಕಟ್ಟಿದವರು ಯಾರು? ಕಚೇರಿಯ ಗುರುತಿನ ಚೀಟಿಯಲ್ಲಿ ಯಾವ ಹೆಸರು? ಮನೆಯ ಇನ್ನೊಂದು ಕೀಲಿಕೈ ಯಾರ ಹತ್ತಿರ? ಕೆಲವಕ್ಕೆ ಉತ್ತರ ಸಿಗದೇ ಇರಬಹುದು. ಆ ಜಾಗವನ್ನು ಖಾಲಿ ಬಿಡಿ. ದೇಹಕ್ಕೆ ಏನು ಚಿಕಿತ್ಸೆ ಬೇಕು, ಬೇಕೇ ಬೇಡವೇ ಎಂಬುದನ್ನು ಒಂದು ಪ್ರದರ್ಶನಕ್ಕಾಗಿ ಈಗಲೇ ತೀರ್ಮಾನಿಸಬೇಕಾಗಿಲ್ಲ.

ಚಿತ್ರ ಬರುವುದಿಲ್ಲ ಎಂಬ ಅಳುಕು ಇದ್ದರೆ ಭೂಪೇನ್ ಖಾಖರ್ ಅವರನ್ನು ನೆನೆಯಿರಿ. 1934ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದವರು, ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಬರೋಡಕ್ಕೆ ಹೋಗಿ ಚಿತ್ರಕಾರರಾದ ಮೇಲೂ ಹೊಟ್ಟೆಪಾಡಿಗೆ ವರ್ಷಗಟ್ಟಲೆ ಲೆಕ್ಕ ಬರೆದರು. 1981ರಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ಬಾಲ್ಕನಿಯಲ್ಲಿ ಬೆತ್ತಲೆ ನಿಂತ ಗಂಡಸನ್ನು ಬಿಡಿಸಿದರು. ಅವನು ಕೆಳಗೆ ನೋಡುತ್ತಿರುವುದು ಅಪ್ಪ, ಮಗ ಮತ್ತು ಕತ್ತೆಯ ಕತೆಯನ್ನು. ಕತ್ತೆ ಏರಿದರೂ ಬೈಗುಳ, ಇಳಿದರೂ ಬೈಗುಳ ಎಂಬ, ನಮ್ಮ ಅಜ್ಜಿಯರೂ ಹೇಳುವ ಅದೇ ಕತೆ. ಎಲ್ಲರನ್ನೂ ಮೆಚ್ಚಿಸಲಾಗದು ಎಂಬ ಅರ್ಥದ ಹೆಸರಿಟ್ಟ ಆ ಚಿತ್ರ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ. ಗಂಡಸರನ್ನು ಪ್ರೀತಿಸುವ ತಮ್ಮ ಬದುಕನ್ನು ಅವರು ಬಣ್ಣದಲ್ಲಿ ಬಿಚ್ಚಿಟ್ಟದ್ದು ಹೀಗೆ, ತಮಗೆ ಬೇಕಾದ ಹೊತ್ತಿಗೆ.

ನಿಮಗೂ ಲೆಕ್ಕ ಗೊತ್ತು. ಹಾಗಾಗಿ ನನಗೊಂದು ಆಸೆ: ಕುಂಚ ಬಿಟ್ಟು ಒಂದು ಜಮಾ ಖರ್ಚಿನ ಪುಸ್ತಕ ಮಾಡಿ. ಮೂವತ್ತನೇ ವಯಸ್ಸಿನ ನಿಮ್ಮ ಒಂದು ತಿಂಗಳ ಲೆಕ್ಕ. ಸಂಬಳ ಇಷ್ಟು. ಬಾಡಿಗೆ, ರೈಲ್ವೆ ಪಾಸ್, ಡಾಕ್ಟರ್ ಫೀಸು, ಒಂದು ಇಳಕಲ್ ಸೀರೆಯ ಕಂತು, ಅಮ್ಮನಿಗೆ ಕಳಿಸಿದ್ದು, ಗೆಳತಿ ಸಾಲ ಪಡೆದು ವಾಪಸ್ಸು ಕೊಡದೇ ಇದ್ದದ್ದು. ಪಕ್ಕದಲ್ಲಿ ಟಿಕೆಟ್, ರಸೀದಿ, ಬಟ್ಟೆಯ ತುಂಡು ಅಂಟಿಸಿ. ಅದೇ ಕೊಲಾಜ್ ಆಯಿತು. ಅಂಕಿಗಳನ್ನು ಪ್ರಾಮಾಣಿಕವಾಗಿ ಹಾಕಿದರೆ ಇನ್ನೊಂದು ಲಾಭವೂ ಇದೆ. ಆ ಸಂಬಳಕ್ಕೆ ಯಾವ ಕೆಲಸ, ಆ ಕೆಲಸಕ್ಕೆ ಯಾವ ಪರೀಕ್ಷೆ ಎಂಬುದು ತಾನಾಗಿ ಮೇಲೆ ಬರುತ್ತದೆ. ಕಲಾವಿಮರ್ಶಕರು ಇದನ್ನು ಕಲೆ ಎನ್ನುವರೋ ಇಲ್ಲವೋ, ಅದು ಅವರ ತಲೆನೋವು.

ಅಮ್ಮನ ಮದುವೆ ಮಂಟಪದ ಬಗ್ಗೆ ಎರಡು ಮಾತು. ಅದನ್ನು ಪೂರ್ತಿ ಅಳಿಸಲೇಬೇಕು ಎಂದು ನಿಮಗೆ ಯಾರು ಹೇಳಿದರು? 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ತನ್ನ ಲಿಂಗ ಯಾವುದೆಂದು ವ್ಯಕ್ತಿಯೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ, ಗಂಡಸನ್ನು ಮದುವೆಯಾದ ಟ್ರಾನ್ಸ್ ಮಹಿಳೆಯೊಬ್ಬರ ಮದುವೆ ನೋಂದಣಿಯ ಪ್ರಕರಣ ಬಂತು. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಆಕೆ ವಧುವೇ ಎಂದು ಪೀಠ ಹೇಳಿತು. 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ, ಅದು ಅನೇಕರ ಮನಸ್ಸು ಮುರಿದ ದಿನ. ಆದರೆ ಗಂಡು ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿಗಳು ಈಗಿರುವ ಕಾನೂನುಗಳಡಿ ಮದುವೆಯಾಗಬಹುದು ಎಂದು ಅದೇ ತೀರ್ಪು ಒಪ್ಪಿತು. ಮದುವೆಯಾಗಿ ಎಂದು ನಾನು ಹೇಳುತ್ತಿಲ್ಲ, ಆ ಕೆಲಸಕ್ಕೆ ನಿಮಗೆ ಸಾಕಷ್ಟು ನೆಂಟರಿದ್ದಾರೆ. ಬೇಕೆನಿಸಿದರೆ ಮಂಟಪವೂ ಇರಲಿ, ಅಮ್ಮನೂ ಇರಲಿ, ನೀವು ಕುಳಿತ ಮಣೆ ಮಾತ್ರ ಬದಲಾಗಲಿ.

ಅಪ್ಪನ ವೇಷವನ್ನು ಮಾತ್ರ ಬಿಡಿಸಬೇಡಿ. ಸಿಟ್ಟು ನ್ಯಾಯವಾದದ್ದು. ಅದೇ ಸೆರಗಿಗೆ ರಂಗದಲ್ಲಿ ಹಾರ, ಮನೆಯಲ್ಲಿ ಮೌನ ಎಂದರೆ ಯಾರಿಗಾದರೂ ಉರಿಯುತ್ತದೆ. ಆದರೆ ಈ ವಾದ ನಿಮಗೇ ತಿರುಗಿ ಬಡಿಯುತ್ತದೆ. ಅಪ್ಪನ ದ್ರೌಪದಿ ಮಂಗಳ ಹಾಡಿದ ಮೇಲೆ ತೆಂಗಿನೆಣ್ಣೆಯಲ್ಲಿ ಒರೆಸಿ ಹೋಗುತ್ತಾಳೆ. ಬೆಳಿಗ್ಗೆ ಅವರು ಮೀಸೆ ಬೋಳಿಸಿದ ಗಂಡಸಾಗಿಯೇ ಕೆಲಸಕ್ಕೆ ಹೋಗುತ್ತಾರೆ. ನಿಮ್ಮದು ವೇಷವಲ್ಲ. ಎರಡನ್ನೂ ಒಂದೇ ಚೌಕಟ್ಟಿಗೆ ಹಾಕಿದರೆ, ನಾನು ಕಳಚಿ ಇಡುತ್ತೇನೆ, ನೀನೂ ಕಳಚು ಎನ್ನಲು ಅವರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಇನ್ನೊಂದು ಅಪಾಯವೂ ಇದೆ. ಮುಂಬಯಿಯ ಕನ್ನಡಿಗರಲ್ಲಿ ಸ್ತ್ರೀವೇಷಕ್ಕೆ ಹೆಸರಾದವರು ಎಷ್ಟು ಮಂದಿ? ಆ ಕಿರೀಟ, ಆ ಮುಖವರ್ಣಿಕೆ ನೋಡಿದ ಸಂಘದ ಸದಸ್ಯರೊಬ್ಬರು ಸಂಜೆಯೊಳಗೆ ನಿಮ್ಮ ಮನೆಯ ವಿಳಾಸ ಹೇಳಿಯಾರು.

ಅಪ್ಪನ ವೇಷ ಪ್ರದರ್ಶನಕ್ಕೆ ಬೇಡ. ಮಾತಿಗೆ ಮುಂದೊಂದು ದಿನ ಉಪಯೋಗಕ್ಕೆ ಬಂದೀತು. ಮೈಮೇಲೆ ಸೀರೆ ಬಂದ ಕ್ಷಣ ಜನ ನೋಡುವ ರೀತಿ ಬದಲಾಗುತ್ತದೆ ಎಂಬುದು ಆ ಮನೆಯಲ್ಲಿ ನಿಮ್ಮಷ್ಟೇ ತಿಳಿದಿರುವ ಗಂಡಸು ಅವರೊಬ್ಬರೇ. ನಡಿಗೆ ಹೇಗೆ ಕಲಿತಿರಿ, ಯಾರನ್ನು ನೋಡಿ ಕಲಿತಿರಿ, ಹಳೆಯ ಪ್ರೇಕ್ಷಕರು ಬಣ್ಣ ಹಚ್ಚುವ ಚೌಕಿಗೆ ಬಂದು ಏನೆಲ್ಲ ಕೀಟಲೆ ಮಾಡುತ್ತಿದ್ದರು ಎಂದು ಕೇಳಿ. ನಿಮ್ಮ ವಿಷಯ ಎತ್ತದೆ ಕೇಳಿ. ಸುಮ್ಮನೆ ಕೇಳಿಸಿಕೊಂಡರೆ ಅಪ್ಪ ಎಲ್ಲಿಯವರೆಗೆ ಬರಬಲ್ಲರು ಎಂಬ ಅಂದಾಜು ಸಿಗುತ್ತದೆ.

ಇನ್ನು ಪ್ರದರ್ಶನ. ಕೃತಿ ಮಾಡುವುದು, ಅದನ್ನು ಗೋಡೆಗೆ ಹಾಕುವುದು, ನಾನು ಇಂಥವಳು ಎಂದು ಮನೆಯಲ್ಲಿ ಹೇಳುವುದು ಬೇರೆ ಬೇರೆ ಕೆಲಸಗಳು. ಮೊದಲನೆಯದನ್ನು ಇಂದೇ ಮಾಡಬಹುದು. ಎರಡನೆಯದಕ್ಕೆ ಷರತ್ತುಗಳಿವೆ. ಮೂರನೆಯದಕ್ಕೆ ಅವಸರ ಬೇಡ: ಕಾಲೇಜಿನ ಫೀಸು, ಊಟ, ತಲೆಯ ಮೇಲಿನ ಸೂರು ಈಗ ಅಪ್ಪ ಅಮ್ಮನ ಕೈಯಲ್ಲಿವೆ. ಡಿಗ್ರಿ ಮುಗಿಯುವವರೆಗೆ ಸುಮ್ಮನಿರುವುದು ಹೇಡಿತನವಲ್ಲ, ನಿಮ್ಮ ಆ ಖರ್ಚಿನ ಪುಸ್ತಕದ ಮೊದಲ ಉಳಿತಾಯ.

ಷರತ್ತುಗಳೆಂದರೆ, ಸಂಘಟಕರಿಂದ ಬರವಣಿಗೆಯಲ್ಲಿ ಪಡೆಯಬೇಕಾದ ಉತ್ತರಗಳು. ಬೇರೆ ಹೆಸರಿನಲ್ಲಿ ಕಳಿಸಬಹುದೇ? ಒಳಗೆ ಬಂದವರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆಯೇ, ಗುಂಪಿನವರೇ ಜಾಲತಾಣಕ್ಕೆ ಹಾಕುತ್ತಾರೆಯೇ? ನಾಳೆ ಬೇಡ ಎನಿಸಿದರೆ ಗೋಡೆಯಿಂದ ಇಳಿಸಿಕೊಡುತ್ತಾರೆಯೇ? ಮೂಲ ಕೃತಿ ಕೊನೆಗೆ ಯಾರ ಬಳಿ ಇರುತ್ತದೆ? ಒಳ್ಳೆಯ ಗುಂಪು ಇದನ್ನೆಲ್ಲ ನೀವು ಕೇಳುವ ಮೊದಲೇ ಯೋಚಿಸಿರುತ್ತದೆ. ಧೈರ್ಯ ಬೇಕು, ಹೆಸರು ಹಾಕಿ ಎಂದು ಹುರಿದುಂಬಿಸುವವರಿದ್ದರೆ ದೂರವಿರಿ. ಧೈರ್ಯದ ಬೆಲೆ ತೆರುವವರು ಅವರಲ್ಲ. ನಿಮ್ಮ ಕೈಬರಹ ಅಮ್ಮನಿಗೆ ಗೊತ್ತು, ಆದ್ದರಿಂದ ಗೆಳತಿಯಿಂದ ಬರೆಸಿ ಅಥವಾ ಪತ್ರಿಕೆಯ ಅಕ್ಷರಗಳನ್ನು ಕತ್ತರಿಸಿ ಅಂಟಿಸಿ. ಕಟ್ಟಡದ ಹೆಸರು, ಕಾಲೇಜಿನ ಲಾಂಛನ ಎಲ್ಲಿಯೂ ಬೇಡ. ಇದಕ್ಕಾಗಿಯೇ ಬೇರೆ ಇ-ಮೇಲ್ ತೆರೆಯಿರಿ.

ಪ್ರದರ್ಶನವಾಗಲಿ ಬಿಡಲಿ, ನಿಮ್ಮಂಥವರನ್ನು ಭೇಟಿಯಾಗಲು ಮುಂಬಯಿ ಕೆಟ್ಟ ಊರೇನಲ್ಲ. ಕ್ವಿಯರ್ ಮತ್ತು ಟ್ರಾನ್ಸ್ ಜನರಿಗಾಗಿ ಇರುವ ಹಮ್‌ಸಫರ್ ಟ್ರಸ್ಟ್ 1994ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ದಾಖಲೆ ತಿದ್ದುಪಡಿ, ವೈದ್ಯರು, ಆಪ್ತಸಮಾಲೋಚನೆ ಯಾವುದನ್ನಾದರೂ ಕೇಳಬಹುದು. ದಾಖಲೆಗಳ ನಿಯಮಗಳು ಬದಲಾಗುತ್ತಿರುವುದರಿಂದ ಅಲ್ಲಿ ಹೊಸದನ್ನೇ ಕೇಳಿ ತಿಳಿಯಿರಿ. ಮನೆಯಲ್ಲಿ ವಿಷಯ ಗೊತ್ತಾಗಿ ಯಾರಾದರೂ ‘ಸರಿಪಡಿಸುವ’ ಡಾಕ್ಟರ ಬಳಿ ಕರೆದೊಯ್ಯಲು ಹೊರಟರೆ ನೆನಪಿಡಿ: ಅಂಥ ಚಿಕಿತ್ಸೆ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಹೇಳಿದೆ.

ಇವತ್ತು ಆ ಪ್ರಶ್ನೆಗಳನ್ನು ಸಂಘಟಕರಿಗೆ ಕಳಿಸಿ. ಉತ್ತರ ಬರುವವರೆಗೆ ಕಾಯದೆ ಪುಸ್ತಕ ಶುರು ಮಾಡಿ. ಮೊದಲ ಸಾಲು ರೈಲ್ವೆ ಪಾಸ್ ಇರಲಿ, ಫಸ್ಟ್ ಕ್ಲಾಸೋ ಸೆಕೆಂಡ್ ಕ್ಲಾಸೋ ನಿಮ್ಮ ಸಂಬಳ ನೋಡಿ ತೀರ್ಮಾನಿಸಿ. ಅವರ ಉತ್ತರ ಅಡ್ಡಗೋಡೆಯ ಮೇಲಿನ ದೀಪದಂತಿದ್ದರೆ ಕಳಿಸಬೇಡಿ, ಪುಸ್ತಕ ಗೆಳತಿಯ ಮನೆಯಲ್ಲಿರಲಿ.