ಇನ್ನೂ ಸ್ಟ್ರಾಂಗ್ ಕ್ರೀಮ್ ಕೇಳಬೇಡಿ, ಮೊದಲು ಅದು ಏನು ಅಂತ ನೋಡಿಸಿ
ಹಚ್ಚಿದಷ್ಟು ದಿನ ಸೊಂಟದ ತುರಿಕೆ ಇರಲ್ಲ, ಬಿಟ್ಟರೆ ಮತ್ತೆ ಬರುತ್ತೆ, ಇದಕ್ಕಿಂತ ಸ್ಟ್ರಾಂಗ್ ಕ್ರೀಮ್ ಯಾವುದು ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಆರು ತಿಂಗಳು ನಾನೂ ಹೀಗೇ ಕಳೆದವಳು.

ಪಾತ್ರೆ ಸೋಪಿನಿಂದ ನನಗೆ ಅಂಗೈ ಇಸುಬು. ಚರ್ಮದ ಡಾಕ್ಟರು ಕ್ಲೋಬೆಟಾಸಾಲ್ ಅನ್ನೋ ಸ್ಟ್ರಾಂಗ್ ಸ್ಟೀರಾಯ್ಡ್ ಕ್ರೀಮ್ ಬರೆದುಕೊಟ್ಟು, ಎರಡು ವಾರಕ್ಕೆ ನಿಲ್ಲಿಸಿ ಅಂದಿದ್ದರು. ಹಾಗೇ ಮಾಡಿದೆ, ಬಿರುಕು ಕೂಡಿಕೊಂಡಿತು. ಅರ್ಧ ಟ್ಯೂಬ್ ಉಳಿಯಿತು. ಆ ಮಳೆಗಾಲದಲ್ಲಿ ಲಂಗದ ಲಾಡಿ ಕಟ್ಟುವ ಜಾಗಕ್ಕೆ ಸಣ್ಣ ಕೆಂಪು ಬಳೆಯಂಥದ್ದು ಎದ್ದಿತು. ಅದಕ್ಕೂ ಅದನ್ನೇ ಹಚ್ಚಿದೆ.

ನನ್ನ ತಪ್ಪು ಇದೊಂದೇ, ಬಿಡಿಸಿ ಹೇಳುತ್ತೇನೆ. ಕೈಯದು ಇಸುಬು, ಸೊಂಟದ್ದು ಹುಳುಕಡ್ಡಿ, ಅಂದರೆ ಫಂಗಸ್. ಇಸುಬಿನಲ್ಲಿ ಉರಿಯೂತವೇ ಕಾಯಿಲೆ, ಸ್ಟೀರಾಯ್ಡ್ ಅದನ್ನು ತಣಿಸುತ್ತದೆ. ಹುಳುಕಡ್ಡಿಯಲ್ಲಿ ಆ ಕೆಂಪು, ಆ ತುರಿಕೆ, ನಮ್ಮ ಮೈ ಫಂಗಸ್ ಜೊತೆ ಹೊಡೆದಾಡುತ್ತಿರುವ ಗುರುತು. ನಾನು ಹೊಡೆದಾಡುವವರನ್ನೇ ಕಟ್ಟಿಹಾಕಿದೆ. ಎರಡು ದಿನಕ್ಕೆ ತುರಿಕೆ ಮಾಯ; ಫಂಗಸ್ ಆರಾಮಾಗಿ ಹರಡಿತು. ಬಿಟ್ಟ ತಕ್ಷಣ ಇಮ್ಮಡಿಯಾಗಿ ಬಂತು, ಮತ್ತೆ ಹಚ್ಚಿದೆ. ಟ್ಯೂಬ್ ಮುಗಿದರೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಕೇಳದೆ ಕೊಟ್ಟರು. ಸ್ಟೀರಾಯ್ಡ್ ಮುಲಾಮುಗಳ ಮಾರಾಟಕ್ಕೆ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ, ಆದರೂ ಕೊಡುತ್ತಾರೆ. ಬಳೆಯ ಅಂಚು ಅಳಿಸಿಹೋಗಿ ನೋಡಿದವರಿಗೆ ಹುಳುಕಡ್ಡಿ ಅಂತ ಗುರುತೇ ಸಿಗದಂತಾಯಿತು. ತೊಡೆಸಂದಿಗೂ ಇಳಿಯಿತು. ಅಂಗೈ ಚರ್ಮ ದಪ್ಪ, ಸಂದಿಯದು ತೆಳು, ಔಷಧಿಯನ್ನು ಎಷ್ಟೋ ಪಾಲು ಹೆಚ್ಚು ಹೀರುತ್ತದೆ. ಅಲ್ಲಿ ಬಸುರಿ ಹೊಟ್ಟೆಯಂತೆ ನೇರಳೆ ಗೆರೆ ಬಿದ್ದವು. ಈಗ ಬೆಳ್ಳಗಾಗಿವೆ, ಹೋಗಿಲ್ಲ.

ಕೊನೆಗೆ ಅದೇ ಡಾಕ್ಟರು ಬ್ಲೇಡಿನ ಅಂಚಿನಿಂದ ಹೊಟ್ಟು ಕೆರೆದು ಗಾಜಿನ ಮೇಲೆ ಉದುರಿಸಿ, ಹೊಟ್ಟನ್ನು ಕರಗಿಸುವ ಕೆಓಎಚ್ ಅನ್ನೋ ದ್ರಾವಣದ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಕವಲೊಡೆದ ಎಳೆಗಳು, ಅದೇ ಫಂಗಸ್. ಫಂಗಸ್ ಮಾತ್ರೆ, ಬೇರೆ ಕ್ರೀಮ್, ಎರಡು ತಿಂಗಳು. ಸ್ಟೀರಾಯ್ಡ್ ಬಿಟ್ಟ ಮೊದಲ ಹತ್ತು ದಿನ ತುರಿಕೆಗೆ ರಾತ್ರಿ ನಿದ್ದೆಯಿಲ್ಲ. ಆ ದಿನಗಳಲ್ಲೇ ಹಳೇ ಟ್ಯೂಬಿಗೆ ಕೈ ಹೋಗುವುದು. ಮುಟ್ಟಬೇಡಿ.

ಸ್ಟೀರಾಯ್ಡೇ ವಿಷ ಅನ್ನುವವರ ಮಾತೂ ಕೇಳಬೇಡಿ. ಕೈಗೆ ಇಸುಬು ಕೆರಳಿದಾಗ ಡಾಕ್ಟರು ಹೇಳಿದಷ್ಟು ದಿನ ನಾನು ಈಗಲೂ ಅದನ್ನೇ ಹಚ್ಚುತ್ತೇನೆ. ನಿಮ್ಮ ಪ್ರಶ್ನೆಯೇ ಬೇರೆ ಆಗಬೇಕಿತ್ತು: ಇದು ಇಸುಬೋ ಹುಳುಕಡ್ಡಿಯೋ? ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತಿದೆಯಾ ಓದಿ, ಎರಡೂ ಸ್ಟೀರಾಯ್ಡೇ. ಫಂಗಸ್ ಔಷಧಿಯೂ ಸೇರಿದೆ ಅಂತ ಸಮಾಧಾನ ಪಡಬೇಡಿ, ಅಂಥ ಮೂರು-ನಾಲ್ಕು ಔಷಧಿ ಬೆರೆಸಿದ ಮುಲಾಮೇ ಹೆಚ್ಚು ಜನರನ್ನು ಕೆಡಿಸಿರೋದು. ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ, ಎಷ್ಟು ದಿನ ಹಚ್ಚಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಮನೆಯಲ್ಲಿ ಇನ್ಯಾರಿಗಾದರೂ ತುರಿಕೆಯಿದ್ದರೆ ಅವರನ್ನೂ ಕರೆದೊಯ್ಯಿರಿ. ನನ್ನ ಟವೆಲ್ಲಿನಿಂದ ಮಗಳಿಗೂ ಹತ್ತಿತ್ತು.