ದರಗು ತರುವ ಮೊದಲು ಬಿಳಿ ಪಂಚೆ ಎಳೆದು ನೋಡಿ

ಅಣ್ಣಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಕೊಟ್ಟಿಗೆ ಕೆಲಸ ಮುಗಿಸಿ ನಿಧಾನಕ್ಕೆ ಬರೆಯೋಣ ಅಂತ ಬಿಟ್ಟಿದ್ದೆ. ಹೊಸನಗರದ ಕಡೆ ನಿಮ್ಮ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಆಚೆ ಮಂಗ ಸತ್ತು ಬಿದ್ದಿದೆ, ದರಗು (ಗೊಬ್ಬರಕ್ಕೆ ಬಾಚುವ ಒಣ ಎಲೆ) ತರುವ ಕೆಲಸ ಅರ್ಧಕ್ಕೆ ನಿಂತಿದೆ, ಮುಂದುವರಿಸಬಹುದಾ, ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆಗೆ ಲಸಿಕೆ ಸಿಗುತ್ತಾ ಅಂತ ಕೇಳಿದ್ದೀರಿ. ಕೆಳಗೆ ಇಬ್ಬರು "ಬೆಟ್ಟಕ್ಕೆ ಹೋಗೋದೇ ಬಿಟ್ಟುಬಿಡಿ" ಅಂದಿದ್ದಾರೆ. ಇನ್ನೊಬ್ಬರು "ಅರವತ್ತು ವರ್ಷದಿಂದ ಸಂಶೋಧನೆ ಮಾಡ್ತಾನೇ ಇದ್ದಾರೆ, ನಮಗೇನು ಸಿಕ್ತು?" ಅಂದಿದ್ದಾರೆ. ಎರಡು ಮಾತಿಗೂ ನನ್ನ ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಅರ್ಜೆಂಟಿನದ್ದು. ಸತ್ತ ಮಂಗದ ಹತ್ತಿರ ಯಾರೂ ಹೋಗಬೇಡಿ. ನಾಯಿಯನ್ನೂ ಆ ಕಡೆ ಬಿಡಬೇಡಿ. ಹೂಳುವುದು, ಕೋಲಿನಲ್ಲಿ ತಳ್ಳುವುದು ಯಾವುದೂ ಬೇಡ. ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಫಾರೆಸ್ಟ್ ಗಾರ್ಡಿಗೋ ಇವತ್ತೇ ಫೋನ್ ಮಾಡಿ. ಪಶು ವೈದ್ಯರು ಬಂದು ಹೆಣ ಕೊಯ್ದು ಪರೀಕ್ಷೆಗೆ ಸ್ಯಾಂಪಲ್ ತೆಗೆಯುತ್ತಾರೆ, ಆಮೇಲೆ ಸುಡಿಸುತ್ತಾರೆ. ಸುತ್ತ 50 ಮೀಟರ್ ಮೆಲಾಥಿಯಾನ್ ಕೀಟನಾಶಕ ಪುಡಿ ಹಾಕುವುದು ವಾಡಿಕೆ. ಎಲ್ಲ ಮಂಗವೂ ಮಂಗನ ಕಾಯಿಲೆಯಿಂದಲೇ ಸಾಯುವುದಿಲ್ಲ, ನಿಜ. ಆದರೆ ರಿಪೋರ್ಟ್ ಬರುವವರೆಗೆ ಹೌದು ಅಂತಲೇ ನಡೆದುಕೊಳ್ಳಿ. ಮುಸ್ಯ ಆಗಲಿ, ಕೆಂಪು ಮೋರೆಯ ಮಂಗ ಆಗಲಿ, ಅದು ಸತ್ತಾಗ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಉದುರುತ್ತವೆ. ಕಾಯಿಲೆ ಬಿದ್ದ ಮಂಗದ ರಕ್ತ ಕುಡಿದ ಮರಿಗಳು ಪೊರೆ ಬಿಟ್ಟು ಬೆಳೆದು, ಅದೇ ಎಲೆಯಡಿ ಇನ್ನೊಂದು ಮೈಗಾಗಿ ಕಾಯುತ್ತವೆ. ಹಾಗಾಗಿ ಆ ಜಾಗದ ದರಗು ಈ ವರ್ಷ ಬೇಡವೇ ಬೇಡ. ಎಷ್ಟೇ ಚೆನ್ನಾಗಿ ಬಿದ್ದಿರಲಿ, ಬಿಡಿ.

ಇನ್ನು ಸಂಶೋಧನೆಯಿಂದ ಏನು ಸಿಕ್ತು ಅನ್ನುವುದು. ಈ ಕಾಯಿಲೆಯ ಇಂಗ್ಲಿಷ್ ಹೆಸರೇ ನಮ್ಮ ಶಿವಮೊಗ್ಗ ಜಿಲ್ಲೆಯದ್ದು, ಕ್ಯಾಸನೂರು ಫಾರೆಸ್ಟ್ ಡಿಸೀಸ್. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರಿನವರು ಜ್ವರದಲ್ಲಿ ಮಲಗಿದರು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತಾ ಅಂತ ಆಗ ದೊಡ್ಡ ಭಯ ಇತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಇದು ಹೊಸ ವೈರಸ್, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿನ ನೆಂಟ. ಆಮೇಲೆ ವರ್ಷಗಟ್ಟಲೆ ಸಾಗರ, ಸೊರಬದ ಕಾಡುಗಳಲ್ಲಿ ಉಣುಗು ಹಿಡಿದು, ಎಣಿಸಿ, ಯಾವ ತಿಂಗಳು ಯಾವ ಹಂತ ಅಂತ ಬರೆದಿಟ್ಟರು. ಅಣ್ಣಾ, ನನ್ನ ಪ್ರಕಾರ ನಮ್ಮಂಥ ಕೃಷಿಕರಿಗೆ ಆ ಒಂದು ಲೆಕ್ಕ ಲಸಿಕೆಯಷ್ಟೇ ಬೆಲೆಬಾಳುತ್ತೆ. ನಮಗೆ ಅದನ್ನು ಯಾರೂ ಕೂರಿಸಿ ಹೇಳಲಿಲ್ಲ, ಬೇಜಾರಿರುವುದು ಅದಕ್ಕೆ.

ಲೆಕ್ಕ ಹೀಗಿದೆ. ಮಳೆ ಹಿಡಿದ ಮೇಲೆ ದೊಡ್ಡ ಉಣುಗು ಮೇಲೆ ಬರುತ್ತೆ, ದನ, ಕಡವೆಯಂಥ ದೊಡ್ಡ ಪ್ರಾಣಿಗೆ ಹತ್ತುತ್ತೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತೆ. ಮಳೆ ಕಡಿಮೆ ಆಗುವ ಹೊತ್ತಿಗೆ ಆರು ಕಾಲಿನ ಮರಿಗಳು. ಅವು ಇಲಿ, ಸುಂಡಿಲಿ, ಹಕ್ಕಿ, ಮಂಗದ ಮೇಲೆ ಬದುಕುತ್ತವೆ, ವೈರಸ್ ಅಲ್ಲೇ ಸೇರುವುದು. ನವೆಂಬರ್, ಡಿಸೆಂಬರ್ ಹೊತ್ತಿಗೆ ಅವೇ ಎಂಟು ಕಾಲಿನ ಎರಡನೇ ಹಂತಕ್ಕೆ ಬರುತ್ತವೆ. ಗಸಗಸೆಗಿಂತ ಒಂಚೂರು ದೊಡ್ಡದು, ಎಳ್ಳಿಗಿಂತ ಚಿಕ್ಕದು. ಮನುಷ್ಯನಿಗೆ ಕಾಯಿಲೆ ತರುವುದು ಹೆಚ್ಚಾಗಿ ಇದೇ. ಮೇ ತಿಂಗಳವರೆಗೂ ಇರುತ್ತೆ. ಜನವರಿಯಿಂದ ಮಾರ್ಚ್‌ವರೆಗೆ ಜೋರು.

ಈಗ ನಮ್ಮ ಕೆಲಸದ ತಿಂಗಳು ಪಕ್ಕದಲ್ಲಿಟ್ಟು ನೋಡಿ. ಅಡಿಕೆ ಕೊನೆ ಕೊಯ್ಲು, ಸೌದೆ, ಬೇಲಿ, ದರಗು ಎಲ್ಲ ಅದೇ ತಿಂಗಳು. ಮರ ಎಲೆ ಉದುರಿಸುವುದೂ ಆಗಲೇ, ಆ ಎಲೆಯಡಿ ಉಣುಗು ಕಾಯುವುದೂ ಆಗಲೇ. ದೊಡ್ಡ ಉಣುಗು ಕಣ್ಣಿಗೆ ಕಾಣುತ್ತೆ ಅಂತ ನಾವು ಮಳೆಗಾಲದಲ್ಲಿ ಹೆದರುತ್ತೇವೆ, ಬೇಸಿಗೆಯಲ್ಲಿ ಬರಿಗೈಯಲ್ಲಿ ದರಗು ಬಾಚುತ್ತೇವೆ. ಹೆದರಬೇಕಾದ್ದು ಬೇಸಿಗೆಯಲ್ಲಿ.

ದನದ ವಿಷಯವೂ ಇದಕ್ಕೇ ಸೇರಿದ್ದು. ಹೋರ್ಹೆ ಬೋಶೆಲ್ ಅನ್ನುವ ಕೊಲಂಬಿಯಾದ ವಿಜ್ಞಾನಿ 1969ರಲ್ಲೇ ಬರೆದಿದ್ದರು, ಕಾಡು ಕಡಿದು ಗದ್ದೆ ಮಾಡಿ, ದನ ಮೇಯಿಸುತ್ತ ಹೋದ ಹಾಗೆ ಉಣುಗು ಹೆಚ್ಚಿತು ಅಂತ. 2020ರಲ್ಲಿ ಬಂದ ಅಧ್ಯಯನವೂ ಅದೇ ದಿಕ್ಕು ತೋರಿಸುತ್ತೆ. ನಿತ್ಯ ಹಸಿರು ಕಾಡು ಮತ್ತು ತೋಟ ಒಂದರೊಳಗೊಂದು ಬೆರೆತಿರುವ ಕಡೆ, ನಾಡ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು. ನಿಮ್ಮೂರು, ನಮ್ಮೂರು ಎರಡೂ ಹಾಗೇ ಇವೆ ಅಲ್ವಾ? ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಹಾಲಿನಿಂದ ಹರಡಿದ ದಾಖಲೆಯೂ ಇಲ್ಲ. ಆದರೆ ಉಣುಗಿನ ಸಂತಾನ ಬೆಳೆಯುವುದು ದನದ ರಕ್ತದಿಂದ, ಮನೆ ಬಾಗಿಲಿಗೆ ಬರುವುದೂ ದನದ ಮೈಮೇಲೆ. ಮಳೆಗಾಲದಲ್ಲೇ ಪಶು ವೈದ್ಯರನ್ನು ಕೇಳಿ ಬೆನ್ನಿಗೆ ಹಾಕುವ ಫ್ಲುಮೆಥ್ರಿನ್ ತರಹದ ಔಷಧಿ ಹಾಕಿಸಿ. ಎಷ್ಟು ಹಾಕಬೇಕು, ಹಾಲು ಕೊಡುವ ಹಸುವಿಗೆ ಯಾವುದು ಅಂತ ಅವರೇ ಹೇಳಲಿ. ಮೇಯಲು ಬಿಡುವ ದನಕ್ಕಂತೂ ಇದು ಬೇಕೇ ಬೇಕು.

ಈಗ ಪಂಚೆ ವಿಷಯ. ಉಣುಗು ಎಷ್ಟಿದೆ ನೋಡಲು ಸಂಶೋಧಕರು, ಆರೋಗ್ಯ ಇಲಾಖೆಯವರು ಬಿಳಿ ಬಟ್ಟೆಯನ್ನು ದರಗಿನ ಮೇಲೆ ಎಳೆದುಕೊಂಡು ಹೋಗುತ್ತಾರೆ. ಮೈ ತಾಗಿತು ಅಂದುಕೊಂಡು ಉಣುಗು ಅದಕ್ಕೆ ಹತ್ತುತ್ತೆ. ಮೂರು ವರ್ಷದಿಂದ ನಾನೂ ಮಾಡುತ್ತೇನೆ. ಹಳೇ ಬಿಳಿ ಪಂಚೆಯ ಒಂದು ಮೊಳ ಅಗಲದ ತುಂಡು, ತುದಿಗೆ ಅಡಿಕೆ ದಬ್ಬೆ ಕಟ್ಟಿ, ಉದ್ದ ಹಗ್ಗ ಹಾಕಿದ್ದೇನೆ. ಗಂಬೂಟು ಹಾಕಿ, ಕಾಲಿಗೆ ಎಣ್ಣೆ ಹಚ್ಚಿ, ಹತ್ತಿಪ್ಪತ್ತು ಹೆಜ್ಜೆ ಎಳೆದು ನಿಂತು ಬಟ್ಟೆ ಮಗುಚಿ ನೋಡುವುದು. ಮೊದಲ ಸಲ ಏನೂ ಇಲ್ಲ ಅನ್ನಿಸಿತು. ಕನ್ನಡಕ ಹಾಕಿ ಬಗ್ಗಿ ನೋಡಿದೆ. ಮಣ್ಣಿನ ಕಣ ಅಂದುಕೊಂಡಿದ್ದು ನಿಧಾನಕ್ಕೆ ಅಂಚಿನ ಕಡೆ ನಡೆಯುತ್ತಿತ್ತು. ಒಂದಲ್ಲ, ಹನ್ನೊಂದು. ಅದು ನಾವು ದಿನಾ ದರಗು ಬಾಚುವ ಜಾಗ. ಅಲ್ಲಿಂದ ನಲವತ್ತು ಹೆಜ್ಜೆ ಆಚೆ, ಬಿಸಿಲು ಬೀಳುವ ಬಯಲಿನಲ್ಲಿ ಒಂದೂ ಸಿಗಲಿಲ್ಲ.

ಬಟ್ಟೆಗೆ ಸಿಕ್ಕರೆ ಆ ಜಾಗ ಬಿಡಿ. ಸಿಗದಿದ್ದರೆ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ, ಕಡಿಮೆ ಇರಬಹುದು ಅಷ್ಟೇ. ಸಿಕ್ಕಿದ್ದನ್ನು ಬೆರಳಲ್ಲಿ ಹಿಸುಕಬೇಡಿ, ಬಟ್ಟೆಯನ್ನೇ ಕುದಿಯುವ ನೀರಿಗೆ ಹಾಕಿ. ಮಂಗ ಸತ್ತ ಕಡೆ ಇದನ್ನು ಮಾಡಲೇಬೇಡಿ, ಅದು ಇಲಾಖೆಯವರ ಕೆಲಸ. ತಿಂಗಳ ಲೆಕ್ಕ ಗೊತ್ತಿದ್ದೂ ಬಟ್ಟೆ ಯಾಕೆ ಅಂದರೆ, ಮಳೆ ಈಗ ಮೊದಲಿನ ಹಾಗಿಲ್ಲ. ಉಣುಗಿನ ಹುಟ್ಟು ಬೆಳವಣಿಗೆ ಎಲ್ಲ ಮಳೆ, ತೇವದ ಮೇಲೆ ನಿಂತಿದೆ. ಒಂದು ವರ್ಷ ಜೂನ್ ಪೂರ್ತಿ ಒಣಗುತ್ತೆ, ಇನ್ನೊಂದು ವರ್ಷ ದೀಪಾವಳಿ ಕಳೆದರೂ ಮಳೆ ಬಿಡುವುದಿಲ್ಲ. ಹಾಗಾದ ವರ್ಷ ನಮ್ಮಲ್ಲಿ ಬಟ್ಟೆಗೆ ಸಿಗುವುದೂ ಹಿಂದೆ ಮುಂದೆ ಆಗಿದೆ. ದಿನಾಂಕ, ಎಷ್ಟು ಸಿಕ್ತು, ಹಿಂದಿನ ವಾರ ಮಳೆ ಇತ್ತಾ ಅಂತ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.

ಬೆಟ್ಟ ಪೂರ್ತಿ ಬಿಡಿ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ದರಗಿಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ತೋಟ ಇಲ್ಲ. ಆದರೆ ಬೆಟ್ಟದ ದರಗು ಅರ್ಧಕ್ಕೆ ಇಳಿಸಲು ಸಾಧ್ಯ, ನಾನು ಇಳಿಸಿದ್ದೇನೆ. ತೋಟದಲ್ಲೇ ಬಿದ್ದ ಸೋಗೆ, ಹಾಳೆ ಕತ್ತರಿಸಿ ಕೊಟ್ಟಿಗೆಗೆ ಹಾಕುತ್ತೇನೆ. ಅಡಿಕೆ ಸಿಪ್ಪೆ, ಭತ್ತದ ಹೊಟ್ಟು ಸೇರಿಸುತ್ತೇನೆ. ಸಿಪ್ಪೆ ಕೊಳೆಯಲು ತಡ, ಸಗಣಿ ಜೊತೆ ಪದರ ಪದರವಾಗಿ ಹಾಕಿದರೆ ಸರಿ ಹೋಗುತ್ತೆ. ಬೆಟ್ಟದಿಂದ ತಂದ ದರಗನ್ನು ಸೀದಾ ಕೊಟ್ಟಿಗೆಗೆ ಹಾಕುವುದಿಲ್ಲ. ಮನೆಯಿಂದ ದೂರ, ಖುಲ್ಲಾ ಬಿಸಿಲಲ್ಲಿ ತೆಳ್ಳಗೆ ಹರಡಿ ನಾಲ್ಕೈದು ದಿನ ಬಿಡುತ್ತೇನೆ. ಒಣ ಹವೆಯಲ್ಲಿ ಉಣುಗು ಜಾಸ್ತಿ ದಿನ ತಾಳುವುದಿಲ್ಲ. ಪೂರ್ತಿ ಗ್ಯಾರಂಟಿ ಅಲ್ಲ, ಆದರೂ ಹಸಿ ರಾಶಿಯನ್ನು ಜಗಲಿ ಪಕ್ಕ ಪೇರಿಸುವುದಕ್ಕಿಂತ ಎಷ್ಟೋ ವಾಸಿ. ರಾಶಿಯ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ. ಬೆಟ್ಟಕ್ಕೆ ಬೆಂಕಿ ಕೊಟ್ಟರೆ ಉಣುಗು ಹೋಗುತ್ತೆ ಅಂತ ಕೆಲವರು ಹೇಳುತ್ತಾರೆ, ದಯವಿಟ್ಟು ಬೇಡ. ಸಸಿಯೂ ಹೋಗುತ್ತೆ, ನೆಲದ ತೇವವೂ ಹೋಗುತ್ತೆ.

ಹೋಗುವವರು ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ ಗಂಬೂಟು. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಪುಕ್ಕಟೆ ಕೊಡುತ್ತಾರೆ. ಕೈ ಕಾಲು ಕುತ್ತಿಗೆಗೆ ಹಚ್ಚಿ, ಬೆವರಿದ ಮೇಲೆ ಮತ್ತೆ ಹಚ್ಚಿ. ಕಾಡಿನಲ್ಲಿ ನೆಲದ ಮೇಲೆ ಕೂತು ಎಲೆ ಅಡಿಕೆ ಹಾಕುವ ಅಭ್ಯಾಸ ಈ ತಿಂಗಳುಗಳಲ್ಲಿ ಬಿಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ, ಮೈಗೆ ಸೋಪು, ಬಿಸಿ ನೀರು. ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಮಂಡಿ ಸಂದು ಯಾರಾದರೂ ನೋಡಲಿ. ಹತ್ತಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಕೆಲಸಕ್ಕೆ ಬರುವವರಿಗೂ ಬೂಟು, ಎಣ್ಣೆ ನಾವೇ ಕೊಡಬೇಕು. ಕೂಲಿಯಷ್ಟೇ ಅದೂ ನಮ್ಮ ಜವಾಬ್ದಾರಿ.

ಜ್ವರದ ವಿಷಯ ನಮ್ಮ ಮನೆಯದ್ದೇ ಹೇಳುತ್ತೇನೆ. ಸಾಗರ ತಾಲೂಕಿನ ಅರಳಗೋಡಿನಲ್ಲಿ ಕಾಯಿಲೆ ಎದ್ದ 2019ರ ಬೇಸಿಗೆ. ನಮ್ಮ ಚಿಕ್ಕಮ್ಮ ದರಗು ತಂದ ಐದನೇ ದಿನ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ಹಣೆ ಒಡೆಯುವ ತಲೆನೋವು, ಕಣ್ಣು ಕೆಂಪು. ಸೊಂಟ ಯಾರೋ ಮುರಿದ ಹಾಗಿದೆ ಅನ್ನುತ್ತಿದ್ದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಮಾಮೂಲಿ ಜ್ವರ ಅಂತ ಮೈಕೈ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಬೆಟ್ಟಕ್ಕೆ ಹೋಗಿದ್ದನ್ನು ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಸಡಿನಲ್ಲಿ ರಕ್ತ ಕಂಡ ಮೇಲೆ ದೊಡ್ಡಾಸ್ಪತ್ರೆಗೆ ಓಡಿದೆವು. ಹುಷಾರಾಗಿ ಮನೆಗೆ ಬಂದು ಹತ್ತು ದಿನಕ್ಕೆ ಮತ್ತೆ ಜ್ವರ, ಕೈ ನಡುಕ, ಮಾತು ತೊದಲು. ಕೆಲವರಿಗೆ ಹೀಗೆ ಎರಡನೇ ಸುತ್ತು ಬರುತ್ತೆ, ಅದು ಮಿದುಳಿಗೆ ಸಂಬಂಧಿಸಿದ್ದು ಅಂತ ಆಮೇಲೆ ತಿಳಿಯಿತು. ಚಿಕ್ಕಮ್ಮ ಉಳಿದರು. ಬಟ್ಟಲು ಹಿಡಿಯುವಾಗ ಆ ನಡುಕ ಹೋಗಲು ತಿಂಗಳುಗಟ್ಟಲೆ ಬೇಕಾಯಿತು.

ಅದಕ್ಕೇ ಹೇಳುವುದು. ಉಣುಗು ಕಚ್ಚಿ 3ರಿಂದ 8 ದಿನದೊಳಗೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಾಯಿಬಿಟ್ಟು "ಬೆಟ್ಟಕ್ಕೆ ಹೋಗಿದ್ದೆ, ಮಂಗ ಸತ್ತಿದೆ" ಅಂತಲೇ ಹೇಳಿ. ರಕ್ತ ಪರೀಕ್ಷೆಗೆ ಕೇಳಿ. ಮೊದಲ ದಿನಗಳಲ್ಲಿ ಕೊಟ್ಟರೆ ಆರ್‌ಟಿ–ಪಿಸಿಆರ್‌ನಲ್ಲಿ ವೈರಸ್ಸೇ ಸಿಗುತ್ತೆ. ಆಸ್ಪಿರಿನ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚಾಗುತ್ತೆ. ವೈರಸ್ ಕೊಲ್ಲುವ ಔಷಧಿ ಇಲ್ಲ. ನೀರಿನಂಶ, ಪ್ಲೇಟ್‌ಲೆಟ್, ರಕ್ತದೊತ್ತಡ ನೋಡಿಕೊಂಡೇ ಉಳಿಸುವುದು, ಹಾಗಾಗಿ ಬೇಗ ಸೇರಿದಷ್ಟೂ ಒಳ್ಳೆಯದು. ನೂರು ಜನರಲ್ಲಿ 3ರಿಂದ 5 ಜನ ಸಾಯುವ ಕಾಯಿಲೆ ಇದು. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಜ್ವರ ಬಂದವರನ್ನು ದೂರ ಇಡಬೇಡಿ, ಹತ್ತಿರ ಕೂತು ಗಂಜಿ ಕುಡಿಸಿ.

ಲಸಿಕೆ ಸದ್ಯಕ್ಕೆ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. 1990ರಿಂದ ಕೊಡುತ್ತಿದ್ದುದನ್ನು ಶಕ್ತಿ ಕಡಿಮೆಯಾಗಿದೆ ಅಂತ 2022ರಲ್ಲಿ ನಿಲ್ಲಿಸಿದರು. 2005ರಿಂದ 2010ರವರೆಗಿನ ಲೆಕ್ಕದಲ್ಲೂ ಎರಡು ಡೋಸಿಗೆ ಶೇ 62, ಬೂಸ್ಟರ್ ಹಾಕಿಸಿಕೊಂಡವರಿಗೆ ಶೇ 83ರಷ್ಟು ರಕ್ಷಣೆ ಕಂಡಿತ್ತು. ಹೊಸ ಲಸಿಕೆಗೆ ಕೆಲಸ ನಡೆದಿದೆ. ಬಂದ ದಿನ ಮೊದಲ ಸಾಲಿನಲ್ಲಿ ನಿಲ್ಲೋಣ. ಅಲ್ಲಿಯವರೆಗೆ ಬೂಟು, ಎಣ್ಣೆ, ಬಿಸಿ ನೀರು.

ನಿಮ್ಮ ಅರ್ಧ ಉಳಿದ ದರಗಿನ ಚಿಂತೆಗೆ ಒಂದು ದಾರಿ ಇದೆ. ನಮ್ಮಲ್ಲಿ ಈ ವರ್ಷ ಭತ್ತದ ಹೊಟ್ಟು ಹದಿನೈದು ಚೀಲ ಮಿಕ್ಕಿದೆ. ಸೋಮವಾರ ಆ ಕಡೆ ಜೀಪು ಬರುವುದಿದೆ, ಹಾಕಿಸಿಕೊಂಡು ಬರುತ್ತೇನೆ. ಪಂಚೆ ತುಂಡೂ ತರುತ್ತೇನೆ, ನಿಮ್ಮ ಮನೆ ಹಿಂದಿನ ದಿಂಬದಲ್ಲಿ ಇಬ್ಬರೂ ಸೇರಿ ಎಳೆದು ನೋಡೋಣ. ಮಂಗದ ವಿಷಯಕ್ಕೆ ಮಾತ್ರ ಸೋಮವಾರದವರೆಗೆ ಕಾಯಬೇಡಿ, ಈಗಲೇ ಫೋನ್ ಮಾಡಿ.